ಮೈಕಿಗೆ ಕರೆಂಟು ಕೊಡುವವರು ಯಾರು?

ಸಾಗರದ ಆಸುಪಾಸಿನಲ್ಲಿ ಮದುವೆ, ಉಪನಯನ, ತಾಳಮದ್ದಳೆಗಳ ವಿಡಿಯೊ ಮಾಡಿಕೊಂಡಿರುವವನು ನಾನು. ಹೊಸದಾಗಿ ಕ್ಯಾಮೆರಾ ಕೊಂಡ ಹುಡುಗರು ಸಿಕ್ಕಾಗಲೆಲ್ಲ ಕೇಳುವುದು ಒಂದೇ: "ಅಣ್ಣಾ, ಯಾವ ಮೈಕು ತಗಳ್ಳಿ?" ಯಾವುದೋ ಕಂಪನಿಯ ಹೆಸರು ಹೇಳುತ್ತೇನೆಂದು ಕಾಯುತ್ತಾರೆ. ನಾನು ಅವರ ಕ್ಯಾಮೆರಾ ಈಸಿಕೊಂಡು ಪಕ್ಕದ ರಬ್ಬರ್ ಮುಚ್ಚಳ ತೆಗೆದು ನೋಡುತ್ತೇನೆ. ಅಲ್ಲಿರುವ ತೂತು ಯಾವುದು, ಅದರಿಂದ ಎಷ್ಟು ವೋಲ್ಟು ಸಿಗುತ್ತದೆ ಎಂಬುದು ಗೊತ್ತಾಗುವವರೆಗೆ ಕಂಪನಿಯ ಮಾತು ಎತ್ತಿ ಉಪಯೋಗವಿಲ್ಲ.

ಮೈಕಿಗೂ ಕರೆಂಟು ಬೇಕೇ ಎಂದು ಹಲವರಿಗೆ ಆಶ್ಚರ್ಯ. ಭಾಷಣದವರು ಕೈಯಲ್ಲಿ ಹಿಡಿಯುವ, ಜಾಲರಿಯ ಗುಂಡು ತಲೆಯ ಮೈಕಿಗೆ ಸಾಮಾನ್ಯವಾಗಿ ಬೇಡ. ಅದು ಡೈನಾಮಿಕ್ ಜಾತಿ. ತೆಳು ಪರದೆಗೆ ಅಂಟಿಸಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಅಲುಗಾಡಿದಾಗ ವಿದ್ಯುತ್ತು ತಾನಾಗಿ ಹುಟ್ಟುತ್ತದೆ. 1966ರಿಂದ ಬರುತ್ತಿರುವ ಶೂರ್ ಕಂಪನಿಯ ಎಸ್‌ಎಂ58 ಈ ಜಾತಿಯದು. ಬಿದ್ದರೂ ಎದ್ದರೂ ಕೆಲಸ ಮಾಡುತ್ತದೆ. ಆದರೆ ಅದರಿಂದ ಹೊರಡುವ ಸಿಗ್ನಲ್ ತೀರಾ ಕ್ಷೀಣ. ಅದನ್ನು ಕ್ಯಾಮೆರಾಕ್ಕೆ ನೇರ ಸಿಕ್ಕಿಸಿ, ಸಾಲದೆಂದು ಕ್ಯಾಮೆರಾದ ಗೇನ್ ಏರಿಸಿದರೆ ಮಾತಿನ ಜತೆಗೆ ಸುಯ್ ಎನ್ನುವ ಸದ್ದೂ ಏರುತ್ತದೆ.

ಕ್ಯಾಮೆರಾದ ತಲೆಯ ಮೇಲೆ ಕೂರುವ ಶಾಟ್‌ಗನ್, ಅಂಗಿಗೆ ಸಿಕ್ಕಿಸುವ ಕಾಲರ್ ಮೈಕು ಹೆಚ್ಚಾಗಿ ಕಂಡೆನ್ಸರ್ ಜಾತಿಯವು. ತೀರಾ ಹತ್ತಿರವಿರುವ ಎರಡು ತಟ್ಟೆಗಳಲ್ಲಿ ಒಂದು ದನಿಗೆ ನಡುಗುತ್ತದೆ, ನಡುವಿನ ಅಂತರ ಬದಲಾದಂತೆ ವಿದ್ಯುತ್ತೂ ಬದಲಾಗುತ್ತದೆ. ಅದಕ್ಕೆ ತಟ್ಟೆಗಳಲ್ಲಿ ಮೊದಲೇ ವಿದ್ಯುದಂಶ ತುಂಬಿರಬೇಕು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ 1962ರಲ್ಲಿ ಆ ವಿದ್ಯುದಂಶವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಕಾಯಂ ಹಿಡಿದಿಡುವ ಎಲೆಕ್ಟ್ರೆಟ್ ಮೈಕು ಮಾಡಿದರು. ಅಂಗಿಗೆ ಸಿಕ್ಕಿಸುವಷ್ಟು ಪುಟ್ಟ ಮೈಕು ಅಗ್ಗಕ್ಕೆ ಸಿಗುವುದು ಅವರ ದಯೆಯಿಂದ. ಆದರೂ ಒಳಗೊಂದು ಚಿಕ್ಕ ಟ್ರಾನ್ಸಿಸ್ಟರ್ ಇದೆ. ಅದು ಉಪವಾಸ ಕೂತು ಕೆಲಸ ಮಾಡುವುದಿಲ್ಲ.

ಸಣ್ಣ ಕ್ಯಾಮೆರಾಗಳ 3.5 ಮಿಲಿಮೀಟರ್ ಜ್ಯಾಕಿನಿಂದ ಸಾಧಾರಣವಾಗಿ 2ರಿಂದ 5 ವೋಲ್ಟು ಹೊರಬರುತ್ತದೆ. ಇದು ಪ್ಲಗ್-ಇನ್ ಪವರ್. ರೋಡ್ ಕಂಪನಿಯ ವಿಡಿಯೊಮೈಕ್ರೊದಂಥ ಪುಟ್ಟ ಮೈಕುಗಳಿಗೆ ಅಷ್ಟು ಸಾಕು, ಸೆಲ್ಲಿನ ಗೋಜಿಲ್ಲ. ಎಲ್ಲ ಕ್ಯಾಮೆರಾಗಳೂ ಇದನ್ನು ಕೊಡುವುದಿಲ್ಲ, ಕೆಲವದರಲ್ಲಿ ಮೆನುವಿನೊಳಗೆ ಹೋಗಿ ಆನ್ ಮಾಡಬೇಕು. ನಮ್ಮಲ್ಲಿ ಕಲಿಯುವವರ ಕೈಗೆಲ್ಲ ಬಂದ ಬೋಯಾ ಬಿವೈ-ಎಂ1 ಕಾಲರ್ ಮೈಕಿನ ಕತೆ ಬೇರೆ. ಅದರ ಆರು ಮೀಟರ್ ವೈರಿನ ನಡುವೆ ಪುಟ್ಟ ಡಬ್ಬಿಯಿದೆ, ಅದರಲ್ಲೊಂದು ಎಲ್‌ಆರ್44 ಬಟನ್ ಸೆಲ್ಲು, ಜತೆಗೆ ಮೊಬೈಲೋ ಕ್ಯಾಮೆರಾವೋ ಎಂದು ಆರಿಸುವ ಸ್ವಿಚ್ಚು. ಮೊಬೈಲಿಗಿಟ್ಟರೆ ಕರೆಂಟು ಮೊಬೈಲಿನದು, ಕ್ಯಾಮೆರಾಕ್ಕಿಟ್ಟರೆ ಸೆಲ್ಲಿನದು. "ಮೈಕು ಸತ್ತೋಯ್ತು ಅಣ್ಣಾ" ಎಂದು ಬಂದವರ ಮೈಕಿನಲ್ಲಿ ನಾನು ಮೊದಲು ನೋಡುವುದು ಈ ಸ್ವಿಚ್ಚನ್ನು.

ಇನ್ನು 48 ವೋಲ್ಟಿನ ಫ್ಯಾಂಟಮ್ ಪವರ್. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ವೈರಿನಲ್ಲಿ, ದನಿ ಬರುವ ದಾರಿಯಲ್ಲೇ ಎದುರು ದಿಕ್ಕಿನಿಂದ ಮೈಕಿಗೆ ಕರೆಂಟು ಹೋಗುತ್ತದೆ. ಈ 48ರ ಲೆಕ್ಕ ಹುಟ್ಟಿದ್ದು ನಾರ್ವೆಯಲ್ಲಿ. 1966ರಲ್ಲಿ ಜರ್ಮನಿಯ ನಾಯ್‌ಮನ್ ಕಂಪನಿಯವರು ಅಲ್ಲಿನ ರೇಡಿಯೊ ಸಂಸ್ಥೆಗೆ ಟ್ರಾನ್ಸಿಸ್ಟರ್ ಮೈಕು ಒದಗಿಸಹೊರಟಾಗ, ಸ್ಟುಡಿಯೊಗಳ ತುರ್ತುದೀಪಗಳಿಗೆಂದು 48 ವೋಲ್ಟಿನ ಲೈನು ಮೊದಲೇ ಇತ್ತು. ಅದನ್ನೇ ಮೈಕಿಗೂ ಬಳಸಿಕೊಂಡರು. 2 ಮತ್ತು 3ನೇ ಪಿನ್ನುಗಳಲ್ಲಿ ಸಮವಾದ ವೋಲ್ಟೇಜು ಇರುವುದರಿಂದ, ಸರಿಯಾಗಿ ವೈರು ಮಾಡಿದ ಡೈನಾಮಿಕ್ ಮೈಕಿಗೆ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಹಳೇ ರಿಬ್ಬನ್ ಮೈಕಿದ್ದರೆ ಮಾತ್ರ ಫ್ಯಾಂಟಮ್ ಆಫ್ ಮಾಡಿಯೇ ಸಿಕ್ಕಿಸಿ.

ಹಣ ಹಾಳಾಗುವುದು ಇಲ್ಲೇ. ಎಕ್ಸ್‌ಎಲ್‌ಆರ್ ಮೈಕನ್ನು ಸಣ್ಣ ಜ್ಯಾಕಿಗೆ ಕೂಡಿಸುವ ಅಗ್ಗದ ವೈರು ಪೇಟೆಯಲ್ಲಿ ಸಿಗುತ್ತದೆ. ಪಿನ್ನೇನೋ ಗಟ್ಟಿಯಾಗಿ ಕೂರುತ್ತದೆ, 48 ವೋಲ್ಟು ಎಲ್ಲಿಂದ ಬರಬೇಕು? ಸಿನಿಮಾದವರು ಬಳಸುವ ಸೆನ್‌ಹೈಸರ್ ಎಂಕೆಎಚ್ 416 ತಂದು ಹೀಗೆ ಜೋಡಿಸಿದರೆ ಅದು ಉಸಿರೆತ್ತುವುದಿಲ್ಲ. ಅದೇ ಕಂಪನಿಯ ಎಂಕೆಇ 600 ಹಾಗಲ್ಲ, ಫ್ಯಾಂಟಮ್ ಇಲ್ಲದಿದ್ದರೆ ಒಂದು ಪೆನ್ಸಿಲ್ ಸೆಲ್ಲಿನಲ್ಲೂ ನಡೆಯುತ್ತದೆ. ಕ್ಯಾಮೆರಾದಲ್ಲಿ ಎಕ್ಸ್‌ಎಲ್‌ಆರ್ ತೂತಿಲ್ಲದವರು ಇಂಥದ್ದನ್ನು ಕೊಳ್ಳುವುದು ಜಾಣತನ. ಇಲ್ಲವೇ ಝೂಮ್ ಎಚ್4ಎನ್ ತರಹದ ರೆಕಾರ್ಡರ್ ಇಟ್ಟುಕೊಳ್ಳಿ. ಎರಡು ಪೆನ್ಸಿಲ್ ಸೆಲ್ಲಿನಿಂದಲೇ ಅದು ಮೈಕಿಗೆ 48 ವೋಲ್ಟು ಹೊಂದಿಸಿ ಕೊಡುತ್ತದೆ. ಶುರುವಿನಲ್ಲಿ ಕ್ಯಾಮೆರಾದ ಮುಂದೆ ಒಂದು ಚಪ್ಪಾಳೆ ಹೊಡೆದರೆ ಎಡಿಟಿಂಗಿನಲ್ಲಿ ದನಿ, ಚಿತ್ರ ಎರಡನ್ನೂ ಕೂಡಿಸಬಹುದು.

ಕರೆಂಟಿನ ಲೆಕ್ಕ ಸರಿಯಾದ ಮೇಲೆ ಉಳಿಯುವುದು ದೂರ. ಶಾಟ್‌ಗನ್ ದುರ್ಬೀನಲ್ಲ. ದೂರದ ದನಿಯನ್ನು ಅದು ಹತ್ತಿರ ಎಳೆಯುವುದಿಲ್ಲ, ಅಕ್ಕಪಕ್ಕದ್ದನ್ನು ಒಂದಿಷ್ಟು ಕಡಿಮೆ ಮಾಡುತ್ತದೆ ಅಷ್ಟೆ. ಬಯಲಿನಲ್ಲಿ, ಬಾಯಿಂದ ಮೈಕಿಗಿರುವ ದೂರ ಎರಡರಷ್ಟಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ. ಸುತ್ತಲಿನ ಗದ್ದಲವೇನೂ ಇಳಿಯುವುದಿಲ್ಲ. ಕಲ್ಯಾಣಮಂಟಪದ ಮೂಲೆಯಲ್ಲಿ ನಿಂತ ಕ್ಯಾಮೆರಾದ ದುಬಾರಿ ಮೈಕಿಗಿಂತ ಪುರೋಹಿತರ ಶಲ್ಯಕ್ಕೆ, ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದ ಅಗ್ಗದ ಕಾಲರ್ ಮೈಕು ಮಂತ್ರವನ್ನು ಸ್ಪಷ್ಟವಾಗಿ ಹಿಡಿಯುತ್ತದೆ. ಮದುಮಗಳಿಗೆ ಹಾಕುವಾಗ ಸರದ ದಾರಿ ತಪ್ಪಿಸಿ ಹಾಕಿ. ಬಂಗಾರ ತಾಗುವ ಸದ್ದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯದು.

ತಾಳಮದ್ದಳೆ ಇನ್ನೊಂದು ಪರೀಕ್ಷೆ. ಅರ್ಥಧಾರಿ ಮೆಲ್ಲಗೆ ಮಾತು ಶುರುಮಾಡುತ್ತಾರೆ, ಮರುಗಳಿಗೆಗೆ ಚೆಂಡೆ ಏಳುತ್ತದೆ. ಕ್ಯಾಮೆರಾದ ಗೇನ್ ಆಟೋದಲ್ಲಿದ್ದರೆ ಚೆಂಡೆಗೆ ಬೆದರಿ ತಗ್ಗುತ್ತದೆ, ಮಾತು ನಿಂತಾಗ ಫ್ಯಾನಿನ ಗುಂಯ್‌ಗುಡುವಿಕೆಯನ್ನು ಮೇಲೆತ್ತುತ್ತದೆ. ಆಟೋ ತೆಗೆದು, ಅತಿ ಜೋರಿನ ಸದ್ದೂ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಕೈಯಿಂದ ಹೊಂದಿಸಿ. ಸೌಂಡ್ ಸಿಸ್ಟಮ್ಮಿನವರ ಮಿಕ್ಸರಿನಿಂದ ವೈರು ಎಳೆಯುವುದಾದರೆ ಕ್ಯಾಮೆರಾದ ಇನ್‌ಪುಟ್ಟನ್ನು ಲೈನ್‌ಗೆ ಬದಲಿಸಿಕೊಳ್ಳಿ, ಆ ಆಯ್ಕೆ ಇಲ್ಲದಿದ್ದರೆ ನಡುವೆ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿ. ಮಿಕ್ಸರಿನಿಂದ ಬರುವ ಸಿಗ್ನಲ್ ಮೈಕಿನದಕ್ಕಿಂತ ನೂರಾರು ಪಟ್ಟು ದೊಡ್ಡದು, ನೇರ ಬಿಟ್ಟರೆ ದನಿ ಒಡೆಯುತ್ತದೆ.

ವೈರ್‌ಲೆಸ್ ಕೊಂಡರೆ ಇದೆಲ್ಲ ಇಲ್ಲವಲ್ಲ ಎನ್ನುತ್ತಾರೆ. ಕರೆಂಟಿನ ಪ್ರಶ್ನೆ ಅಲ್ಲೂ ಇದೆ, ಚಾರ್ಜು ಮಾಡಬೇಕಾದದ್ದು ಎರಡಾಗುತ್ತದೆ ಅಷ್ಟೆ. ಮೊದಲ ಮೈಕು ಕೊಳ್ಳುವವರಿಗೆ ನಾನು ಇಂದಿಗೂ ವೈರಿನ ಕಾಲರ್ ಮೈಕನ್ನೇ ಹೇಳುವುದು. ಜತೆಗೆ ಎರಡು ಹೆಚ್ಚುವರಿ ಸೆಲ್ಲು ಇರಲಿ, ಕಿವಿಗೆ ಹೆಡ್‌ಫೋನ್ ಇರಲಿ. ಕಾರ್ಯಕ್ರಮ ಮುಗಿದ ಮೇಲೆ ಸೆಲ್ಲು ಹೊರತೆಗೆದಿಡಿ. ಮಳೆಗಾಲ ಪೂರ್ತಿ ಮೈಕಿನೊಳಗೇ ಬಿಟ್ಟರೆ ಅದು ಸೋರಿ ಸ್ಪ್ರಿಂಗನ್ನು ತಿಂದುಹಾಕುತ್ತದೆ.