ಪುಟ್ಟ ತಂಗಿಯ ಉಸಿರು ಎಣಿಸಿ ನೋಡಿ

ಮಕ್ಕಳೇ, ಮೊದಲು ಒಂದು ಚಟುವಟಿಕೆ. ನಿಮ್ಮ ಗೆಳೆಯನನ್ನು ಸುಮ್ಮನೆ ಕೂರಿಸಿ. ಒಂದು ನಿಮಿಷದಲ್ಲಿ ಅವನ ಎದೆ ಎಷ್ಟು ಬಾರಿ ಏರಿ ಇಳಿಯುತ್ತದೆ ಎಂದು ಗಡಿಯಾರ ನೋಡಿ ಎಣಿಸಿ. ಸಾಮಾನ್ಯವಾಗಿ 18ರಿಂದ 25 ಬಾರಿ ಇರುತ್ತದೆ.

ಈಗ ಯೋಚಿಸಿ. ಎರಡು ವರ್ಷದ ಪುಟ್ಟ ತಂಗಿಗೆ ಜ್ವರ, ಕೆಮ್ಮು ಬಂದಿದೆ. ಅವಳು ಓಡಿಲ್ಲ, ಆಡಿಲ್ಲ, ಅತ್ತೂ ಇಲ್ಲ. ಆದರೂ ಉಸಿರಾಟ ನಿಮಿಷಕ್ಕೆ 50 ಬಾರಿ! ಏಕೆ ಹೀಗೆ?

ನಮ್ಮ ಶ್ವಾಸನಾಳವನ್ನು ತಲೆಕೆಳಗಾದ ಮರಕ್ಕೆ ಹೋಲಿಸಬಹುದು. ಅದು ಎರಡು ಕೊಂಬೆಗಳಾಗಿ ಎರಡು ಶ್ವಾಸಕೋಶಗಳನ್ನು ಸೇರುತ್ತದೆ. ಕೊಂಬೆಗಳು ಮತ್ತೆ ಮತ್ತೆ ಕವಲೊಡೆದು ಸಣ್ಣ ಶ್ವಾಸನಾಳಿಕೆಗಳಾಗುತ್ತವೆ. ಅವುಗಳ ತುದಿಯಲ್ಲಿ ದ್ರಾಕ್ಷಿ ಗೊಂಚಲಿನಂತೆ ವಾಯುಕೋಶಗಳಿವೆ. ದೊಡ್ಡವರಲ್ಲಿ ಇವುಗಳ ಸಂಖ್ಯೆ ಹಲವು ಕೋಟಿ! ಇವುಗಳ ತೆಳುವಾದ ಗೋಡೆಯ ಮೂಲಕ ಆಮ್ಲಜನಕ ರಕ್ತಕ್ಕೆ ಸೇರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ.

ಕೆಲವು ಬ್ಯಾಕ್ಟೀರಿಯಾ ಅಥವಾ ವೈರಸ್‌ಗಳು ಶ್ವಾಸನಾಳಿಕೆಗಳಿಗೂ ಅವುಗಳ ಸುತ್ತಲಿನ ವಾಯುಕೋಶಗಳಿಗೂ ತಗುಲಿದಾಗ ಬರುವ ರೋಗವೇ ಬ್ರಾಂಕೋನ್ಯುಮೋನಿಯಾ. ರೋಗಾಣುಗಳ ವಿರುದ್ಧ ಹೋರಾಡಲು ಬಿಳಿ ರಕ್ತಕಣಗಳು ಧಾವಿಸುತ್ತವೆ. ಅಲ್ಲಿ ಊತ ಬರುತ್ತದೆ. ಗಾಳಿ ಇರಬೇಕಾದ ವಾಯುಕೋಶಗಳಲ್ಲಿ ದ್ರವ, ಕೀವು ತುಂಬಿಕೊಳ್ಳುತ್ತವೆ. ಇದು ಒಂದೇ ಕಡೆ ಅಲ್ಲ, ಅಲ್ಲಲ್ಲಿ ತೇಪೆಗಳಂತೆ, ಹೆಚ್ಚಾಗಿ ಎರಡೂ ಶ್ವಾಸಕೋಶಗಳಲ್ಲಿ ಹರಡಿರುತ್ತದೆ.

ಮಾಡಿ ನೋಡಿ: ಒಣಗಿದ ಸ್ಪಂಜನ್ನು ನೀರಿನೊಳಗೆ ಹಿಂಡಿ. ಗುಳ್ಳೆಗಳು ಬರುತ್ತವೆ. ಅದು ಪೂರ್ತಿ ನೀರು ಹೀರಿಕೊಂಡ ಮೇಲೆ ಮತ್ತೆ ಹಿಂಡಿ. ಗುಳ್ಳೆಗಳಿಲ್ಲ! ನೀರು ತುಂಬಿದ ಕಡೆ ಗಾಳಿಗೆ ಜಾಗವಿಲ್ಲ.

ತಂಗಿಯ ಎದೆಯಲ್ಲೂ ಹೀಗೆಯೇ ಆಗಿದೆ. ಪ್ರತಿ ಉಸಿರಿನಲ್ಲೂ ರಕ್ತಕ್ಕೆ ಸಿಗುವ ಆಮ್ಲಜನಕ ಕಡಿಮೆ. ಆ ಕೊರತೆ ತುಂಬಲು ದೇಹ ಉಸಿರಾಟದ ವೇಗ ಹೆಚ್ಚಿಸುತ್ತದೆ.

ಆದ್ದರಿಂದ ಕೆಮ್ಮು ಇರುವ ಮಗುವಿನ ಉಸಿರನ್ನು, ಅದು ಅಳದೆ ಮಲಗಿರುವಾಗ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಷ್ಟಿದ್ದರೆ ಅಪಾಯ?

2 ತಿಂಗಳೊಳಗಿನ ಮಗು: 60 ಅಥವಾ ಹೆಚ್ಚು
2ರಿಂದ 12 ತಿಂಗಳೊಳಗೆ: 50 ಅಥವಾ ಹೆಚ್ಚು
1ರಿಂದ 5 ವರ್ಷದೊಳಗೆ: 40 ಅಥವಾ ಹೆಚ್ಚು

ಉಸಿರು ಎಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಮಗು ಹಾಲು ಕುಡಿಯದಿದ್ದರೆ, ತುಟಿ ನೀಲಿಯಾದರೆ ಒಂದು ಕ್ಷಣವೂ ತಡಮಾಡಬಾರದು. ತಕ್ಷಣ ಮನೆಯವರಿಗೆ ಹೇಳಿ, ಆಸ್ಪತ್ರೆಗೆ ಕರೆದೊಯ್ಯುವಂತೆ ಒತ್ತಾಯಿಸಿ. ಬರೆ ಹಾಕಿಸಿದರೆ ರೋಗಾಣು ಸಾಯುವುದಿಲ್ಲ, ಮಗುವಿಗೆ ಗಾಯವಾಗುತ್ತದೆ ಅಷ್ಟೇ. ಬ್ಯಾಕ್ಟೀರಿಯಾದಿಂದ ಬಂದ ನ್ಯುಮೋನಿಯಾಕ್ಕೆ ವೈದ್ಯರು ಕೊಡುವ ಆಂಟಿಬಯೋಟಿಕ್ ಔಷಧವಿದೆ. ಉಸಿರಾಟಕ್ಕೆ ತೀರಾ ಕಷ್ಟವಾದರೆ ಆಮ್ಲಜನಕ ಕೊಡುತ್ತಾರೆ.

ಬಾರದಂತೆ ತಡೆಯಲೂ ದಾರಿಗಳಿವೆ. ಎದೆಹಾಲು, ಸೋಪಿನಿಂದ ಕೈ ತೊಳೆಯುವುದು, ಒಲೆಯ ಹೊಗೆಯಿಂದ ಮಗುವನ್ನು ದೂರವಿಡುವುದು, ಲಸಿಕೆ. ನ್ಯುಮೋನಿಯಾ ತರುವ ಮುಖ್ಯ ಬ್ಯಾಕ್ಟೀರಿಯಾ ಒಂದರ ವಿರುದ್ಧದ ಪಿಸಿವಿ ಲಸಿಕೆಯನ್ನು 2021ರಲ್ಲಿ ದೇಶದಾದ್ಯಂತ ವಿಸ್ತರಿಸಲಾಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಮಗುವಿಗೆ ಒಂದೂವರೆ ತಿಂಗಳು, ಮೂರೂವರೆ ತಿಂಗಳು ಮತ್ತು 9 ತಿಂಗಳು ತುಂಬಿದಾಗ ಹಾಕುತ್ತಾರೆ.

ಇಂದು ಮನೆಗೆ ಹೋದ ಕೂಡಲೇ ತಮ್ಮ ಅಥವಾ ತಂಗಿಯ ತಾಯಿ ಕಾರ್ಡ್ ತೆಗೆದು ನೋಡಿ. ಮೂರೂ ಲಸಿಕೆ ಆಗಿದೆಯೇ?