ಮೈಸೂರು ಯೋಗ ಪರಂಪರೆ ಮತ್ತು ಅದರ ಕನ್ನಡ ಗ್ರಂಥಗಳು

ಮಡಕಶಿರಾ ತಾಲ್ಲೂಕಿನ ಹೇಮಾವತಿಯು ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿಯ ಸಿದ್ಧೇಶ್ವರ ದೇವಾಲಯದಲ್ಲಿ ಶಿವನು ಲಿಂಗರೂಪದಲ್ಲಿರದೆ ಮಾನವರೂಪದಲ್ಲಿ ಕುಳಿತಿದ್ದಾನೆ. 'ಆಸನ' ಶಬ್ದದ ಮೂಲಾರ್ಥವೂ ಕುಳಿತುಕೊಳ್ಳುವ ನೆಲೆಯೇ. ಪತಂಜಲಿಯು ಆಸನದಲ್ಲಿ ಬಯಸಿದ್ದು ಸ್ಥಿರತೆ ಮತ್ತು ಸುಖ ಎಂಬ ಎರಡು ಗುಣಗಳನ್ನು. ಹಠಯೋಗಪ್ರದೀಪಿಕೆಯು ವಿವರಿಸುವ ಆಸನಗಳು 15 ಮಾತ್ರ. ಅವುಗಳಲ್ಲಿ ಬಹುಪಾಲು ಕುಳಿತು ಮಾಡುವಂಥವು. ಹಾಗಾದರೆ ಉಸಿರಿನ ಲಯಕ್ಕೆ ತಕ್ಕಂತೆ ಒಂದು ಆಸನದಿಂದ ಇನ್ನೊಂದಕ್ಕೆ ಸಾಗುವ, ಇಂದು ಲೋಕಪ್ರಸಿದ್ಧವಾಗಿರುವ ಯೋಗಕ್ರಮವು ರೂಪುಗೊಂಡದ್ದೆಲ್ಲಿ?

ಅದಕ್ಕೆ ಉತ್ತರ ಮೈಸೂರಿನಲ್ಲಿದೆ. ರಾಯದುರ್ಗಕ್ಕೆ ನೆರೆಯಾದ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದರು. ಅರಮನೆಗೆ ಆಸನಗಳ ಪರಿಚಯ ಹೊಸದಾಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'ಯಲ್ಲಿ 122 ಆಸನಗಳ ಚಿತ್ರಗಳಿವೆ. ಕೃಷ್ಣಮಾಚಾರ್ಯರ ಶಿಷ್ಯರಾದ ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸರು ತಮ್ಮ ಅಷ್ಟಾಂಗ ವಿನ್ಯಾಸ ಪದ್ಧತಿಗೆ 'ಯೋಗಕೊರುಂಟ' ಎಂಬ ಪ್ರಾಚೀನ ಗ್ರಂಥವೇ ಆಧಾರವೆಂದರು. ಆ ಗ್ರಂಥ ಇಂದಿಗೂ ದೊರೆತಿಲ್ಲ. ಆದುದರಿಂದ ಈ ಪದ್ಧತಿಯನ್ನು ಕೇವಲ ಪ್ರಾಚೀನವೆನ್ನುವುದೂ ಕೇವಲ ನವೀನವೆನ್ನುವುದೂ ಸರಿಯಲ್ಲ. ಹಳೆಯ ಸಾಮಗ್ರಿಗೆ ಮೈಸೂರಿನಲ್ಲಿ ಹೊಸ ಕ್ರಮ ದೊರೆಯಿತು ಎನ್ನುವುದೇ ಉಚಿತ.

ಆ ಕ್ರಮದ ಜೀವಾಳ 'ವಿನ್ಯಾಸ', ಎಂದರೆ ಉಸಿರು ಮತ್ತು ಚಲನೆಗಳ ಜೋಡಣೆ. 'ಏಕಂ' ಎಂದಾಗ ಉಸಿರನ್ನು ಒಳಗೆಳೆದುಕೊಳ್ಳುತ್ತ ಕೈಗಳನ್ನು ಮೇಲೆತ್ತಬೇಕು. 'ದ್ವೇ' ಎಂದಾಗ ಉಸಿರನ್ನು ಬಿಡುತ್ತ ಮುಂದಕ್ಕೆ ಬಾಗಬೇಕು. ಮೊದಲ ಬಗೆಯ ಸೂರ್ಯನಮಸ್ಕಾರಕ್ಕೆ 9 ವಿನ್ಯಾಸಗಳು, ಎರಡನೆಯದಕ್ಕೆ 17. ಇದರೊಡನೆ ಮೂಲಬಂಧ, ಉಡ್ಡಿಯಾನಬಂಧ ಹಾಗೂ ಪ್ರತಿ ಆಸನಕ್ಕೂ ಗೊತ್ತಾದ ದೃಷ್ಟಿನೆಲೆ ಸೇರುತ್ತವೆ. ಶಾಲೆಯಲ್ಲಿ ಪ್ರತಿಯೊಬ್ಬರೂ ತಮ್ಮ ಉಸಿರಿನ ಗತಿಯಲ್ಲಿಯೇ ಅಭ್ಯಾಸ ಮಾಡುತ್ತಾರೆ. ಒಂದು ಆಸನ ಸಿದ್ಧಿಸಿದ ಬಳಿಕವೇ ಗುರುವು ಮುಂದಿನದನ್ನು ಕಲಿಸುತ್ತಾನೆ. ಹೀಗೆ ಚಲನೆಯ ನಡುವೆಯೂ ಪತಂಜಲಿಯು ಹೇಳಿದ ಸ್ಥಿರತೆಯೇ ಗುರಿಯಾಗಿ ಉಳಿಯುತ್ತದೆ.

ಕನ್ನಡ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕೃಷ್ಣಮಾಚಾರ್ಯರು 'ಯೋಗಮಕರಂದ'ವನ್ನು (1934) ಮತ್ತು 'ಯೋಗಾಸನಗಳು' ಕೃತಿಯನ್ನು (1941) ಬರೆದದ್ದು ಕನ್ನಡದಲ್ಲಿ. ಎರಡನೆಯದರಲ್ಲಿ ಆಸನಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ ವಿನ್ಯಾಸಗಳ ಸಂಖ್ಯೆಯನ್ನು ಕೊಟ್ಟಿರುವ ಪಟ್ಟಿಯಿದೆ. ಜೋಯಿಸರ 'ಯೋಗಮಾಲಾ' 1962ರಲ್ಲಿ ಕನ್ನಡದಲ್ಲಿ ಪ್ರಕಟವಾಯಿತು. ಅದರ ಇಂಗ್ಲಿಷ್ ಅನುವಾದ ಹೊರಬಂದದ್ದು 1999ರಲ್ಲಿ. ಶಾಸ್ತ್ರಸಾಹಿತ್ಯವೆಂದರೆ ಛಂದಸ್ಸು, ವ್ಯಾಕರಣ, ವೈದ್ಯಗಳೆಂದು ಪಟ್ಟಿ ಮಾಡುವ ರೂಢಿಯಿದೆ. ದೇಹದ ಚಲನೆಯನ್ನು ಹೆಜ್ಜೆಹೆಜ್ಜೆಯಾಗಿ ಗದ್ಯದಲ್ಲಿ ನಿರೂಪಿಸಿದ ಈ ಕೃತಿಗಳಿಗೂ ಆ ಪಟ್ಟಿಯಲ್ಲಿ ಸ್ಥಾನವಿರಬೇಕು. ಕನ್ನಡದಲ್ಲಿಯೇ ಹುಟ್ಟಿದ ವಿಚಾರವನ್ನು ಕನ್ನಡಿಗರು ಅನುವಾದದ ಮೂಲಕ ಅರಿಯುವಂತಾದರೆ, ನಷ್ಟವಾಗುವುದು ಯೋಗಕ್ಕಲ್ಲ, ಕನ್ನಡಕ್ಕೆ.