ಮೀನಿನ ತೊಟ್ಟಿಯ ಜಲಗಣಿತ

ನಡುಮನೆಯಲ್ಲಿ ಗಾಜಿನ ತೊಟ್ಟಿಯನ್ನಿರಿಸಿ ಬಣ್ಣದ ಮೀನುಗಳನ್ನು ಸಾಕುವ ಅಭಿರುಚಿಯು ಈಗ ಮಹಾನಗರಗಳ ಸೊತ್ತಾಗಿ ಉಳಿದಿಲ್ಲ. ಚಂದಾಪುರ, ಸೇಡಂ, ಚಿತ್ತಾಪುರ, ವಾಡಿ ಮೊದಲಾದ ನಮ್ಮ ಕಡೆಯ ಊರುಗಳಲ್ಲಿಯೂ ಅಂಥ ತೊಟ್ಟಿಗಳು ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಆದರೆ ಅದರಲ್ಲಿ ನೀರೆಷ್ಟಿದೆಯೆಂದು ಕೇಳಿದರೆ ಗೃಹಸ್ಥರು ಅಂಗಡಿಯವನು ಹೇಳಿದ ಸಂಖ್ಯೆಯನ್ನೇ ಹೇಳುವರು. ಅವನಾದರೋ ತೊಟ್ಟಿಯ ಹೊರ ಅಳತೆಯಿಂದ ಲೆಕ್ಕ ಹಾಕಿರುತ್ತಾನೆ.

ಇದರಿಂದ ಬರುವ ಕೇಡು ಅಲ್ಪವಲ್ಲ. ಮೀನಿಗೆ ರೋಗ ತಗಲಿದಾಗ ಕೊಡುವ ಔಷಧವನ್ನೂ, ನಲ್ಲಿಯ ನೀರಿನ ಕ್ಲೋರಿನ್ ಕಳೆಯಲು ಹಾಕುವ ದ್ರಾವಣವನ್ನೂ ಲೀಟರಿಗೆ ಇಷ್ಟೆಂದು ವಿಧಿಸಿರುತ್ತಾರೆ. ಪ್ರಮಾಣ ಮೀರಿದರೆ ಔಷಧವೇ ವಿಷವಾದೀತು. ಕುಂದಿದರೆ ರೋಗವು ಉಳಿದೀತು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹೊರಗಿನಿಂದ ಅಳೆದಾಗ ತೊಟ್ಟಿಯ ಉದ್ದ 75, ಅಗಲ 30, ಎತ್ತರ 40 ಸೆಂಟಿಮೀಟರ್. ಮೂರನ್ನೂ ಗುಣಿಸಿದರೆ 90,000 ಘನ ಸೆಂಟಿಮೀಟರ್. ಸಾವಿರಕ್ಕೆ ಒಂದು ಲೀಟರಿನಂತೆ 90 ಲೀಟರ್. ಗಾಜಿನ ದಪ್ಪವು 6 ಮಿಲಿಮೀಟರ್ ಇದ್ದರೆ ಒಳಗಿನ ಉದ್ದ 73.8, ಅಗಲ 28.8. ಇವುಗಳ ಗುಣಲಬ್ಧವು ಸುಮಾರು 2,125. ಎಂದರೆ ನೀರು ಒಂದು ಸೆಂಟಿಮೀಟರ್ ಏರಿದಂತೆಲ್ಲ ಎರಡು ಲೀಟರಿಗಿಂತ ತುಸು ಹೆಚ್ಚು ತುಂಬುತ್ತದೆ. ಈ ಒಂದು ಸಂಖ್ಯೆಯನ್ನು ಗೋಡೆಯ ಮೇಲಾದರೂ ಬರೆದಿಟ್ಟುಕೊಳ್ಳಬೇಕು. ಮುಂದಿನ ಲೆಕ್ಕವೆಲ್ಲ ಇದರಿಂದಲೇ ಸುಲಭವಾಗುವುದು.

ಇನ್ನು ಎತ್ತರ. ತಳದಲ್ಲಿ 5 ಸೆಂಟಿಮೀಟರ್ ಮರಳು. ಮೇಲೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಖಾಲಿ. ನಡುವೆ 30 ಸೆಂಟಿಮೀಟರ್ ನೀರು. ಅದು ಸುಮಾರು 64 ಲೀಟರ್. ಮರಳಿನ ಸಂದುಗಳಲ್ಲಿ ಅದರ ಘನಫಲದ ಮೂರನೆಯ ಒಂದು ಪಾಲಿನಷ್ಟು, ಅಂದರೆ ಮೂರೂವರೆ ಲೀಟರ್ ನೀರು ಅಡಗಿರುತ್ತದೆ. ಅಲಂಕಾರಕ್ಕಿಟ್ಟ ಕಲ್ಲುಗಳನ್ನು ತುಂಬಿದ ಬಕೀಟಿನಲ್ಲಿ ಮುಳುಗಿಸಿ, ಹೊರಚೆಲ್ಲಿದ ನೀರನ್ನು ಅಳೆದು, ಅಷ್ಟನ್ನು ಕಳೆಯಬೇಕು. ಅದೂ ಮೂರೂವರೆ ಲೀಟರಾದರೆ ಒಂದಕ್ಕೊಂದು ಸರಿಹೋಗಿ 64 ಲೀಟರೇ ನಿಲ್ಲುತ್ತದೆ. ತೊಂಬತ್ತು ಲೀಟರಿಗೆಂದು ಔಷಧ ಹಾಕಿದವನು ಆ ಮೀನುಗಳಿಗೆ ನೂರಕ್ಕೆ ನಲವತ್ತರಷ್ಟು ಹೆಚ್ಚು ಉಣಿಸಿದಂತಾಯಿತು!

ಅಂಗಳದಲ್ಲಿ ಗಪ್ಪಿ ಮೀನು ಬಿಡಲು ಕಟ್ಟಿದ ತೊಟ್ಟಿಗಳಲ್ಲಿ ಕೆಲವು ಮೇಲೆ ವಿಶಾಲವಾಗಿ ಕೆಳಗೆ ಕಿರಿದಾಗಿರುತ್ತವೆ. ಇಂಥವುಗಳಿಗೆ ಮೇಲಣ ಗುಣಾಕಾರವು ಸಾಲದು. ಇದಕ್ಕೆ ಬೇಕಾದ ವಿಧಾನವು ನಮ್ಮ ನೆಲಕ್ಕೆ ಸಂಬಂಧಪಟ್ಟ ಗ್ರಂಥದಲ್ಲಿಯೇ ಇದೆ. ಸೇಡಂ ತಾಲ್ಲೂಕಿನ ಮಳಖೇಡವು, ಕಾಗಿಣಾ ತೀರದ ಆ ಹಳೆಯ ಮಾನ್ಯಖೇಟವು, ರಾಷ್ಟ್ರಕೂಟರ ರಾಜಧಾನಿಯಾಗಿದ್ದಿತು. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ, ಕ್ರಿ. ಶ. 850ರ ಸುಮಾರಿಗೆ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು. 1912ರಲ್ಲಿ ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಅದರ ಖಾತವ್ಯವಹಾರದಲ್ಲಿ, ಎಂದರೆ ಅಗೆದ ಗುಂಡಿಗಳ ಗಣಿತದಲ್ಲಿ, ಎರಡು ಸ್ಥೂಲಫಲಗಳನ್ನು ಹೇಳಿ ಅವುಗಳಿಂದ ಸೂಕ್ಷ್ಮಫಲವನ್ನು ಸಾಧಿಸಿದ್ದಾನೆ.

ಮೇಲೆ 60, ತಳದಲ್ಲಿ 30 ಸೆಂಟಿಮೀಟರ್ ಬದಿಯುಳ್ಳ, 40 ಸೆಂಟಿಮೀಟರ್ ಆಳದ ಚೌಕ ತೊಟ್ಟಿಯಿದೆಯೆನ್ನಿರಿ. ಬದಿಗಳ ಸರಾಸರಿ 45. ಅದರ ವರ್ಗವನ್ನು ಆಳದಿಂದ ಗುಣಿಸಿದರೆ 81,000. ಇದು ಕರ್ಮಾಂತಿಕಫಲ. ಎರಡು ಬದಿಗಳ ವರ್ಗಗಳನ್ನು ಬೇರೆಬೇರೆ ಮಾಡಿ, ಅವುಗಳ ಸರಾಸರಿಯನ್ನು ಆಳದಿಂದ ಗುಣಿಸಿದರೆ 90,000. ಇದು ಔಂಡ್ರಫಲ. ಅಂತರ 9,000, ಅದರ ಮೂರನೆಯ ಒಂದಂಶ 3,000. ಇದನ್ನು ಕರ್ಮಾಂತಿಕಕ್ಕೆ ಕೂಡಿಸಲು 84,000, ಎಂದರೆ 84 ಲೀಟರ್. ಇಂದಿನ ಶಾಲೆಯ ಸೂತ್ರದಿಂದಲೂ ಇದೇ ಉತ್ತರ ಬರುತ್ತದೆ; ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಲೆಕ್ಕವನ್ನು ನಂಬದ ಮನೆಯವರಿದ್ದರೆ, ಎಷ್ಟು ಲೀಟರ್ ಹಿಡಿಯುವುದೆಂದು ತಿಳಿದ ಒಂದು ಕೊಡದಿಂದ ಎಣಿಸಿ ತುಂಬಿಸಲಿ. ಗುಂಡಗಿನ ಗಾಜಿನ ಬುರುಡೆಗಳಿಗಂತೂ ಅದೇ ಉತ್ತಮ ಮಾರ್ಗ.

ಜಲಪ್ರಮಾಣದೊಡನೆ ಭಾರವೂ ತಿಳಿಯುತ್ತದೆ. ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಮೊದಲು ಹೇಳಿದ ಗಾಜಿನ ತೊಟ್ಟಿಯಲ್ಲಿ ನೀರು 64, ಗಾಜು ಸುಮಾರು 16, ಮರಳು 16, ಕಲ್ಲು 9. ಒಟ್ಟು ನೂರನ್ನು ಮೀರಿತು. ನಮ್ಮಲ್ಲಿ ಗೋಡೆಗೆ ಶಹಾಬಾದ ಫರ್ಸಿಯನ್ನು ಸಿಕ್ಕಿಸಿ ಅದರ ಮೇಲೆ ಎಲ್ಲವನ್ನೂ ಇಡುವ ರೂಢಿಯುಂಟು. ಫರ್ಸಿಯು ಕೆಳಗಿನ ಆಸರೆಯಿದ್ದಲ್ಲಿ ಗಟ್ಟಿ, ನಡುವೆ ತೂಗಿದಲ್ಲಿ ದುರ್ಬಲ. ಮುನ್ಸೂಚನೆಯಿಲ್ಲದೆ ಮುರಿಯುವ ಕಲ್ಲು ಅದು. ಮಕ್ಕಳು ಕೆಳಗೆ ಕುಳಿತು ಮೀನು ನೋಡುವ ಮನೆಯಲ್ಲಿ ನೆಲದಿಂದಲೇ ಕಟ್ಟೆ ಕಟ್ಟಿಸುವುದು ಲೇಸು.

ವೈಶಾಖದ ಬಿಸಿಲಿನಲ್ಲಿ ತೊಟ್ಟಿಯ ನೀರು ಬೇಗ ಇಂಗುವುದು. ಗಾಜಿನ ಹೊರಗೆ ಸೆಂಟಿಮೀಟರ್ ಗೆರೆಗಳ ಒಂದು ಕಾಗದದ ಪಟ್ಟಿಯನ್ನು ಅಂಟಿಸಿದ್ದರೆ, ಎರಡು ಗೆರೆ ಇಳಿದಾಗ ನಾಲ್ಕೂಕಾಲು ಲೀಟರ್ ಹೋಯಿತೆಂದು ಕೂಡಲೆ ತಿಳಿಯುತ್ತದೆ. ಆವಿಯಾದದ್ದು ಬರಿಯ ನೀರು; ಹಾಕಿದ ಉಪ್ಪು ತೊಟ್ಟಿಯಲ್ಲಿಯೇ ಇರುತ್ತದೆ. ಆದಕಾರಣ ಹಾಗೆ ತುಂಬಿಸುವ ನೀರಿಗೆ ಉಪ್ಪನ್ನು ಮತ್ತೆ ಬೆರೆಸಬಾರದು. ತೊಟ್ಟಿಯ ನೀರನ್ನು ನಾವೇ ಹೊರಗೆ ಚೆಲ್ಲಿ ಹೊಸನೀರು ಹಾಕಿದಾಗ ಮಾತ್ರ, ಚೆಲ್ಲಿದಷ್ಟು ಲೀಟರಿಗೆ ತಕ್ಕ ಉಪ್ಪನ್ನು ಸೇರಿಸಬೇಕು.